ತಟ್ಟೆಯಲ್ಲೊಂದು ಹುಣಸೆ ತೋಪು

ಹುಣಸೆ ಮರ ಎಲ್ಲರಿಗೂ ಗೊತ್ತು. ಹುಣಸೆ ತೋಪೂ ಗೊತ್ತು. ತಟ್ಟೆಯಲ್ಲಿ ಬೆಳೆದ ತೋಪು ನೋಡಿದ್ದೀರಾ?

ನಾವು ತುಮಕೂರಿನ ಹೆಂಗಸರು. ಹುಣಸೆಹಣ್ಣಿನ ಕಾಲ ಬಂದರೆ ಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸಕ್ಕೆ ಹೋಗುತ್ತೇವೆ. ನಮ್ಮ ಜೊತೆ ಗುಬ್ಬಿ ಕಡೆಯ ಅಕ್ಕ ಒಬ್ಬರಿದ್ದಾರೆ. ಕುಣಿಗಲ್ ಕಡೆಯ ಅತ್ತೆ ಒಬ್ಬರಿದ್ದಾರೆ. ಎಲ್ಲರದೂ ಬಾಡಿಗೆ ಮನೆ. ಹೊಲ ಇಲ್ಲ, ಹಿತ್ತಲು ಇಲ್ಲ. ಮಾಳಿಗೆ ಇದೆ, ಅದರ ಮೇಲೆ ಬಿಸಿಲಿದೆ.

ಗುಬ್ಬಿ ಅಕ್ಕನ ಊರಲ್ಲಿ ಒಂದು ತೋಪಿತ್ತು. ರಸ್ತೆ ಅಗಲ ಮಾಡುವಾಗ ಮರಗಳು ಹೋದವು. ಒಂದು ದಿನ ಅಕ್ಕ ಮಡಿಲಲ್ಲಿ ಒಂದು ಹಿಡಿ ಬೀಜ ಕಟ್ಟಿಕೊಂಡು ಬಂದರು.

"ನೆಲ ಇಲ್ಲದೋರು ಎಲ್ಲಿ ನೆಡೋದು ಅಕ್ಕಾ?" ಎಂದೆವು.

"ತಟ್ಟೇಲಿ" ಅಂದರು ಅಕ್ಕ.

ಅಕ್ಕ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮಕ್ಕೆ ಹೋಗಿದ್ದರು. ಅಲ್ಲಿ ಬೋನ್ಸಾಯ್ ತೋಟ ಇದೆ. ದೊಡ್ಡ ಮರದ ಜಾತಿಯನ್ನೇ ಚಿಕ್ಕ ಕುಂಡದಲ್ಲಿ, ಮೊಳದುದ್ದ ಬೆಳೆಸುವುದಕ್ಕೆ ಬೋನ್ಸಾಯ್ ಎನ್ನುತ್ತಾರೆ. ಇದು ಚೀನಾದಲ್ಲಿ ಹುಟ್ಟಿ ಜಪಾನಿಗೆ ಹೋದ ವಿದ್ಯೆ. ಜಪಾನಿನಲ್ಲಿ ಒಂದೇ ತಟ್ಟೆಯಲ್ಲಿ ಏಳೋ ಒಂಬತ್ತೋ ಮೇಪಲ್ ಗಿಡ ನೆಟ್ಟು ಕಾಡು ಮಾಡುತ್ತಾರೆ. ಮೇಪಲ್ ಚಳಿದೇಶದ ಮರ. ಚಳಿಗಾಲದಲ್ಲಿ ಎಲೆ ಉದುರಿಸಿ ಕೆಲವು ತಿಂಗಳು ನಿದ್ದೆ ಮಾಡಬೇಕು. ನಮ್ಮ ಬೇಸಿಗೆಗೆ ಅದರ ಎಲೆ ಸುಟ್ಟುಹೋಗುತ್ತದೆ. ನಮಗೆ ಹುಣಸೆಯೇ ಸರಿ. ಅದಕ್ಕೆ ಬಿಸಿಲು ಹೊಸದಲ್ಲ. ಎಲೆಯೂ ಸಣ್ಣದು, ಹಾಗಾಗಿ ಚಿಕ್ಕ ಗಿಡವೂ ದೊಡ್ಡ ಮರದ ಹಾಗೆ ಕಾಣುತ್ತದೆ.

ಅತ್ತೆಗೆ ಇದು ಹಿಡಿಸಲಿಲ್ಲ. "ಸಾಲುಮರದ ತಿಮ್ಮಕ್ಕ ನಮ್ಮ ಗುಬ್ಬಿ ತಾಲೂಕಲ್ಲೇ ಹುಟ್ಟಿದೋರು. ಹುಲಿಕಲ್‌ನಿಂದ ಕುದೂರಿನವರೆಗೆ ಗಂಡನ ಜೊತೆ ಆಲದ ಸಾಲು ಬೆಳೆಸಿದರು. ಬಿಂದಿಗೇಲಿ ನೀರು ಹೊತ್ತರು. ನೀವು ಮರಾನ ಕತ್ತರಿಸಿ ಕುಳ್ಳ ಮಾಡ್ತೀರಾ?" ಎಂದರು.

ಅತ್ತೆಯ ಮಾತು ಸುಳ್ಳಲ್ಲ. ತಿಮ್ಮಕ್ಕ ಶಾಲೆಗೆ ಹೋದವರಲ್ಲ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರ ಮರಗಳು ದಾರಿಹೋಕರಿಗೆ ನೆರಳು ಕೊಡುತ್ತವೆ. ತಟ್ಟೆಯ ತೋಪು ನೆರಳು ಕೊಡುವುದಿಲ್ಲ, ಹಣ್ಣನ್ನೂ ನೆಚ್ಚುವ ಹಾಗಿಲ್ಲ. ನೆಲ ಇದ್ದವರು ನೆಲದಲ್ಲೇ ನೆಡಲಿ. ನಮಗೆ ಇರುವುದು ಮಾಳಿಗೆ. ಅದಕ್ಕೇ ತಟ್ಟೆ ಹಿಡಿದೆವು.

ಬೀಜವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿದೆವು. ಹುಣಸೆ ಬೀಜದ ಸಿಪ್ಪೆ ಗಟ್ಟಿ. ಕಲ್ಲಿನ ಮೇಲೆ ಸ್ವಲ್ಪ ಉಜ್ಜಿದರೆ ಬೇಗ ಮೊಳೆಯುತ್ತದೆ. ಮಾರ್ಚ್‌ನಲ್ಲಿ ಹಾಕಿದ ಬೀಜ ಮಳೆ ಹಿಡಿಯುವ ಹೊತ್ತಿಗೆ ಸಸಿಯಾಗಿತ್ತು. ಆಗ ಕಿತ್ತು ನೋಡಿ. ಒಂದು ಉದ್ದ ಬೇರು ನೇರ ಕೆಳಗೆ ಇಳಿದಿರುತ್ತದೆ. ಅದು ತಾಯಿ ಬೇರು. ತಟ್ಟೆಯ ಆಳ ಎರಡು ಮೂರು ಅಂಗುಲ ಅಷ್ಟೆ. ಈ ಬೇರು ಅಲ್ಲಿ ಹಿಡಿಯುವುದಿಲ್ಲ. ಅದರ ತುದಿಯನ್ನು ಚೂಪು ಕತ್ತರಿಯಿಂದ ಕತ್ತರಿಸಿ, ಸಸಿಯನ್ನು ಕುಂಡದಲ್ಲಿ ನೆಡಬೇಕು. ಆಮೇಲೆ ಪಕ್ಕದ ಬೇರು ಹೆಚ್ಚು ಬರುತ್ತವೆ. ಕತ್ತರಿಸುವಾಗ ನಮ್ಮ ಕೈ ನಡುಗಿತು. ಗಿಡ ಸಾಯಲಿಲ್ಲ.

ಮುಂದಿನ ವರ್ಷದ ಮಳೆಗಾಲದಲ್ಲಿ ಗಿಡಗಳನ್ನು ತಟ್ಟೆಗೆ ತಂದೆವು. ತಟ್ಟೆ ಒಂದೂವರೆ ಅಡಿ ಉದ್ದ. ತಳದಲ್ಲಿ ತೂತು ಇರಲೇಬೇಕು. ತೂತಿನ ಮೇಲೆ ಹೆಂಚಿನ ಚೂರು ಇಡಬೇಕು.

ಮಣ್ಣಿನ ವಿಷಯದಲ್ಲಿ ಮೊದಲು ತಪ್ಪಿದ್ದೇ ನಾವು. ಅತ್ತೆ ಮನಸ್ಸು ಬದಲಾಯಿಸಿ, ಪ್ರೀತಿಯಿಂದ ಕುಣಿಗಲ್‌ನಿಂದ ಒಂದು ಚೀಲ ಕೆರೆ ಗೋಡು ತಂದರು. ಅದು ಹೊಲಕ್ಕೆ ಒಳ್ಳೆಯದು. ತಟ್ಟೆಯಲ್ಲಿ ಅಂಟಿಕೊಂಡು ನೀರು ಹಿಡಿಯಿತು. ಒಂದು ತಟ್ಟೆಯ ಬೇರು ಕೊಳೆತವು. ಈಗ ನಾವು ಕೆಂಪು ಮಣ್ಣು, ದಪ್ಪ ಮರಳು, ಇಟ್ಟಿಗೆ ಚೂರು, ಹಳೇ ಗೊಬ್ಬರ ಬೆರೆಸುತ್ತೇವೆ. ಜರಡಿ ಹಿಡಿದು ನುಣ್ಣನೆ ಧೂಳು ತೆಗೆಯುತ್ತೇವೆ. ಹಾಕಿದ ನೀರು ತಕ್ಷಣ ಕೆಳಗೆ ಇಳಿಯಬೇಕು.

ಇನ್ನು ಜೋಡಿಸುವುದು. ದೇವನಹಳ್ಳಿ ತಾಲೂಕಿನ ನಲ್ಲೂರಿನಲ್ಲಿ ಹಳೆಯ ಹುಣಸೆ ತೋಪು ಇದೆ. 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿದರು. ನಮ್ಮ ದೇಶದಲ್ಲಿ ಅಂಥ ಮೊದಲ ತಾಣ ಅದು. ಅಷ್ಟು ದೂರ ಹೋಗಲಾಗದಿದ್ದರೆ ನಿಮ್ಮೂರಿನ ಹಳೇ ತೋಪನ್ನೇ ನೋಡಿ. ಮರಗಳು ಸೈನಿಕರ ಹಾಗೆ ಸಾಲಾಗಿ ನಿಂತಿರುವುದಿಲ್ಲ. ಒಂದು ದಪ್ಪ ಮರ, ಅದರ ಬಳಿ ಎರಡು, ಅಂಚಿನಲ್ಲಿ ಎಳೆಯವು. ನಾವೂ ಏಳು ಗಿಡ ತೆಗೆದುಕೊಂಡೆವು. ದಪ್ಪ, ಎತ್ತರದ ಗಿಡವನ್ನು ನಟ್ಟ ನಡುವೆ ಇಡದೆ, ಸ್ವಲ್ಪ ಪಕ್ಕಕ್ಕೆ ಮೊದಲು ನೆಟ್ಟೆವು. ಉಳಿದವನ್ನು ಸುತ್ತ ಇಟ್ಟೆವು. ಮೂರು ಗಿಡ ಒಂದೇ ಗೆರೆಯಲ್ಲಿ ಬರಬಾರದು. ಎದುರು ಕೂತು ನೋಡಿದರೆ ಒಂದರ ಹಿಂದೆ ಒಂದು ಅಡಗಬಾರದು. ಅಂಚಿನ ಗಿಡದ ಕೊಂಬೆ ಹೊರಗೆ ಚಾಚಲಿ. ಅಲುಗಾಡದ ಹಾಗೆ ತೂತಿನೊಳಗಿಂದ ತಂತಿ ತಂದು ಬೇರಿಗೆ ಕಟ್ಟಿದೆವು. ಈ ಕೆಲಸಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಜಗಳವೂ ಆಯಿತು.

ನೆಟ್ಟ ಮೇಲೆ ಮೂರು ವಾರ ನೆರಳಲ್ಲಿಟ್ಟೆವು. ಒಂದು ತಿಂಗಳು ಗೊಬ್ಬರ ಇಲ್ಲ. ಆಮೇಲೆ ಬಿಸಿಲಿಗೆ ತಂದೆವು. ಆಗಾಗ ತಟ್ಟೆ ತಿರುಗಿಸುತ್ತೇವೆ, ಇಲ್ಲದಿದ್ದರೆ ಒಂದೇ ಕಡೆ ಬೆಳೆಯುತ್ತದೆ. ಹೊಸ ಚಿಗುರಿನಲ್ಲಿ ಐದಾರು ಎಲೆ ಬಂದಾಗ ಎರಡು ಬಿಟ್ಟು ಉಳಿದದ್ದು ಚಿವುಟುತ್ತೇವೆ. ಗೊಬ್ಬರಕ್ಕೆ ಕಡಲೆಕಾಯಿ ಹಿಂಡಿ ನೆನೆಸಿದ ತಿಳಿನೀರು. ಎರಡು ವರ್ಷಕ್ಕೊಮ್ಮೆ ತೋಪನ್ನು ಇಡಿಯಾಗಿ ಎತ್ತಿ, ಸುತ್ತಲಿನ ಬೇರು ಕತ್ತರಿಸಿ, ಹೊಸ ಮಣ್ಣು ಹಾಕಬೇಕು. ಸಂಜೆ ಎಲೆ ಮುಚ್ಚಿಕೊಂಡರೆ ಹೆದರಬೇಡಿ. ಹುಣಸೆ ಮಲಗುವುದೇ ಹಾಗೆ.

ಮಾರಿ ದುಡ್ಡು ಮಾಡಬಹುದಾ ಎಂದು ಕೇಳುತ್ತೀರಿ. ಮರದ ರೂಪ ಬರಲು ಹಲವು ವರ್ಷ ಬೇಕು. ಸಾಲ ಮಾಡಿ ಇದಕ್ಕೆ ಕೈ ಹಾಕಬೇಡಿ.

ನೀರಿನ ಮಾತು ಕೊನೆಗೆ ಇಟ್ಟುಕೊಂಡೆವು. ನಮಗೆ ಪೆಟ್ಟು ಬಿದ್ದದ್ದು ಅಲ್ಲೇ. ತೋಪು ಮೂರು ವರ್ಷ ಚೆನ್ನಾಗಿ ಬೆಳೆಯಿತು. ಒಂದು ಬೇಸಿಗೆಯಲ್ಲಿ ಗುಬ್ಬಿ ಅಕ್ಕ ಊರ ಜಾತ್ರೆಗೆ ಹೋದರು. ನಾವೂ ಜೊತೆಗೆ ಹೋದೆವು. ಒಂದು ದಿನ ಅಂದುಕೊಂಡದ್ದು ಮೂರು ದಿನ ಆಯಿತು. ಬಂದು ನೋಡಿದರೆ ಎಲೆ ಎಲ್ಲ ಉದುರಿತ್ತು. ಅಕ್ಕ ಮಾಳಿಗೆ ಮೇಲೆ ಕೂತುಬಿಟ್ಟರು. "ಎರಡನೇ ಸಲ ಹೋಯ್ತು ಕಣ್ರೇ" ಅಂದರು.

ಅತ್ತೆ ಬಂದು ಒಂದೊಂದೇ ಗಿಡದ ತೊಗಟೆಯನ್ನು ಉಗುರಿನಿಂದ ಕೆರೆದರು. ಒಳಗೆ ಹಸಿರಿದ್ದರೆ ಜೀವ ಇದೆ. ಕಂದು ಬಣ್ಣ ಇದ್ದರೆ ಇಲ್ಲ. ಏಳರಲ್ಲಿ ಮೂರು ಹಸಿರಾಗಿದ್ದವು. ನೆರಳಿಗೆ ಇಟ್ಟು, ಮಣ್ಣು ಒಣಗದ ಹಾಗೆ ನೋಡಿಕೊಂಡೆವು. ಕೆಲವು ವಾರದಲ್ಲಿ ಚಿಗುರು ಬಂತು. ಸತ್ತ ಗಿಡ ತೆಗೆದು, ಆ ಜಾಗಕ್ಕೆ ಎಳೆಯ ಸಸಿ ಕೂರಿಸಿದೆವು.

ಈಗ ದಿನಾ ಬೆಳಿಗ್ಗೆ ಬೆರಳಿಟ್ಟು ಮಣ್ಣು ನೋಡುತ್ತೇವೆ. ಬೇಸಿಗೆಯಲ್ಲಿ ಸಂಜೆಯೂ ನೋಡುತ್ತೇವೆ. ಊರಿಗೆ ಹೊರಟರೆ ಬೀಗದ ಕೈ ಜೊತೆ ತಟ್ಟೆಯನ್ನೂ ಪಕ್ಕದ ಮನೆಯವರಿಗೆ ಒಪ್ಪಿಸುತ್ತೇವೆ. ಒಂದು ಚೀಟಿಯನ್ನೂ ಬರೆದಿಡುತ್ತೇವೆ: "ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಕೆಳಗಿನ ತೂತಿನಿಂದ ನೀರು ಬರುವ ತನಕ." ಚೀಟಿ ಬರೆಯುವುದು ಅತ್ತೆ.