ವಿಮಾನ ನಿಲ್ದಾಣದ ದಟ್ಟಣೆ ಮತ್ತು ಸ್ಲಾಟ್ ಪದ್ಧತಿ

ಯರಗುಪ್ಪಿಯಿಂದ ಹುಬ್ಬಳ್ಳಿಗೆ ಬಂದು ಬೆಂಗಳೂರಿನ ವಿಮಾನಕ್ಕಾಗಿ ಕಾದು ಕುಳಿತ ಪ್ರಯಾಣಿಕನು, ಇಲ್ಲಿ ನಿಚ್ಚಳ ಬಿಸಿಲಿರುವಾಗ ವಿಮಾನವೇಕೆ ಬಾರದೆಂದು ಸೋಜಿಗಪಡುವುದು ಸಹಜವಾದರೂ, ಅದರ ಕಾರಣವು ಬೆಂಗಳೂರಿನ ನಿಲ್ದಾಣವಿರುವ ದೇವನಹಳ್ಳಿಯ ಚಳಿಗಾಲದ ಮುಂಜಾವಿನ ಮಂಜಿನಲ್ಲಿರಬಹುದು. ಏಕೆಂದರೆ ಒಂದೇ ವಿಮಾನವು ದಿನವಿಡೀ ಹಲವು ಊರುಗಳನ್ನು ಸುತ್ತುವುದರಿಂದ, ಪ್ರಾತಃಕಾಲದ ವಿಳಂಬವು ಸಾಯಂಕಾಲದವರೆಗೂ ಅದರ ಬೆನ್ನು ಬಿಡದು.

ಮಂಜಲ್ಲದೆ ದಟ್ಟಣೆಯೂ ವಿಳಂಬಕ್ಕೆ ಕಾರಣವಾಗುತ್ತದೆ. 2008ರ ಮೇ ತಿಂಗಳಲ್ಲಿ ಆರಂಭವಾದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ 2019ರ ಡಿಸೆಂಬರಿನಲ್ಲಿ ಎರಡನೆಯ ರನ್‌ವೇ ಒದಗಿತು. 2022ರ ನವೆಂಬರಿನಲ್ಲಿ ಎರಡನೆಯ ಟರ್ಮಿನಲ್ ಉದ್ಘಾಟನೆಗೊಂಡಿತು. ಆದರೆ ಸಕಲ ವಿಮಾನ ಸಂಸ್ಥೆಗಳೂ ಬೆಳಗಿನ ಅದೇ ಗಳಿಗೆಯನ್ನು ಬಯಸಿದರೆ ಕಾಂಕ್ರೀಟು ಎಷ್ಟಿದ್ದರೇನು? ಆದುದರಿಂದಲೇ ‘ಸ್ಲಾಟ್’, ಅಂದರೆ ನಿಯತ ದಿನದ ನಿಯತ ವೇಳೆಯಲ್ಲಿ ಇಳಿಯಲು ಅಥವಾ ಏರಲು ದೊರೆಯುವ ಅನುಮತಿ.

ಬೇಡಿಕೆಯು ಸಾಮರ್ಥ್ಯವನ್ನು ಬಹಳವಾಗಿ ಮೀರಿದ ನಿಲ್ದಾಣಗಳನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯು ಮೂರನೆಯ ಹಂತವೆಂದು ಕರೆಯುತ್ತದೆ. ಪರೀಕ್ಷಾರ್ಥಿಯು ಮುಖ್ಯವಾಗಿ ಗಮನಿಸತಕ್ಕದ್ದು ಶೇ. 80ರ ನಿಯಮ: ಒಂದು ಋತುವಿನಲ್ಲಿ ಸ್ಲಾಟುಗಳ ಸರಣಿಯನ್ನು ಕನಿಷ್ಠ ಅಷ್ಟು ಬಳಸಿದ ಸಂಸ್ಥೆಗೆ ಮುಂದಿನ ವರ್ಷದ ಅದೇ ಋತುವಿನಲ್ಲಿ ಅದು ಉಳಿಯುತ್ತದೆ, ಬಳಸದಿದ್ದರೆ ಪರರ ಪಾಲಾಗುತ್ತದೆ. ಹಳಬರಿಗೆ ಒಲಿದ ಈ ನಿಯಮವು ಹೊಸಬರಿಗೆ ತುಸು ನಿಷ್ಠುರವೆಂದೇ ಹೇಳಬೇಕು. ಬೇಸಿಗೆಯ ವೇಳಾಪಟ್ಟಿಯು ಮಾರ್ಚಿನ ಕೊನೆಯ ರವಿವಾರದಿಂದ, ಚಳಿಗಾಲದ್ದು ಅಕ್ಟೋಬರಿನ ಕೊನೆಯ ರವಿವಾರದಿಂದ ಜಾರಿಗೆ ಬರುತ್ತವೆ.