ಹೊಲ ನಮ್ಮದು, ಅಡಿಯ ನೀರು ಯಾರದು?

ಹೊಸದುರ್ಗ, ಹೊಳಲ್ಕೆರೆ ಕಡೆ ಅಡಿಕೆ, ತೆಂಗಿನ ತೋಟ ಮಾಡಿದವರಿಗೆ ಬೇಸಿಗೆ ಬಂತೆಂದರೆ ಬೋರಿನದೇ ಚಿಂತೆ. ಹಳೆಯದು ಕೈಕೊಟ್ಟರೆ ಪಾಯಿಂಟ್ ಮಾಡಿಸಿ, ಸಾಲ ತಂದು, ಲಾರಿ ಕರೆಸಿ ಇನ್ನೊಂದು ಕೊರೆಸುತ್ತಾರೆ. ನಮ್ಮ ಜಮೀನು, ನಮ್ಮ ದುಡ್ಡು, ಯಾರನ್ನು ಕೇಳಬೇಕು ಎಂಬ ಮಾತಿಗೆ ಒಂದು ಕಾಲದಲ್ಲಿ ಕಾನೂನಿನ ಬಲವೂ ಇತ್ತು. ಗೊತ್ತಾದ ಹರಿವಿನ ದಾರಿಯಿಲ್ಲದ ನೆಲದಡಿಯ ನೀರನ್ನು ತನ್ನ ಎಲ್ಲೆಯೊಳಗೆ ಸಂಗ್ರಹಿಸಿಕೊಳ್ಳುವ ಹಕ್ಕು ಮಾಲೀಕನಿಗೆ ಇದೆಯೆಂದು 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 7ನೇ ಕಲಂ ಉದಾಹರಣೆ ಕೊಟ್ಟು ಹೇಳುತ್ತದೆ. ಅದು ತೆರೆದ ಬಾವಿ, ಕಪಿಲೆಯ ಕಾಲ. ಒಂದು ಬಾವಿ ಎಷ್ಟು ಎತ್ತಿದರೂ ಪಕ್ಕದ ಬಾವಿ ಬತ್ತುವುದು ಅಪರೂಪವಾಗಿತ್ತು. ಕಲ್ಲಿನ ಬಿರುಕುಗಳಲ್ಲಷ್ಟೇ ನೀರು ನಿಲ್ಲುವ ನಮ್ಮ ನೆಲದಲ್ಲಿ ಇಂದು ಒಬ್ಬರ ಆಳದ ಬೋರು ಪಕ್ಕದವರ ನೀರನ್ನೇ ಎಳೆಯುತ್ತದೆ. ಬಿರುಕಿಗೆ ಸರ್ವೆ ನಂಬರಿನ ಎಲ್ಲೆ ಗೊತ್ತಿಲ್ಲ.

ಕಾನೂನು ಬದಲಾದದ್ದು ಈ ಕಾರಣಕ್ಕೆ. ಸುಪ್ರೀಂ ಕೋರ್ಟಿನ 1996ರ ಆದೇಶದ ಮೇಲೆ 1997ರಲ್ಲಿ ಕೇಂದ್ರ ಅಂತರ್ಜಲ ಪ್ರಾಧಿಕಾರ ರಚನೆಯಾಯಿತು. ಕರ್ನಾಟಕದ 1999ರ ಕಾಯ್ದೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದಿತು. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಇನ್ನೂ ಮುಂದೆ ಹೋಗಿ, ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿಗೆ ಅನುಮತಿ, ಇರುವ ಬಾವಿಗೆ ನೋಂದಣಿ, ಕೊರೆಯುವ ಲಾರಿಗೂ ನೋಂದಣಿ ಬೇಕೆಂದು ವಿಧಿಸಿತು. ವರ್ಷಕ್ಕೆ ಬಳಕೆಗೆ ಸಿಗುವಷ್ಟು ನೀರಿಗಿಂತ ಹೆಚ್ಚು ಎತ್ತುವ ತಾಲ್ಲೂಕನ್ನು ಅತಿಬಳಕೆಯದು ಎನ್ನುತ್ತಾರೆ. 2020ರ ಅಂದಾಜಿನಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ಆ ಪಟ್ಟಿಯಲ್ಲಿದ್ದವು. ಅಧಿಸೂಚನೆ ಆಗಾಗ ಪರಿಷ್ಕರಣೆಯಾಗುವುದರಿಂದ, ಲಾರಿಗೆ ಮುಂಗಡ ಕೊಡುವ ಮೊದಲು ಜಿಲ್ಲಾ ಅಂತರ್ಜಲ ಕಚೇರಿಯಲ್ಲಿ ನಿಮ್ಮ ಊರಿನ ಸ್ಥಿತಿ ಕೇಳಿಕೊಳ್ಳಿ.

ಹಾಗಾದರೆ ರೈತನ ಹಕ್ಕು ಮುಗಿಯಿತೇ? ಕೇರಳದ ಪ್ಲಾಚಿಮಾಡ ಪ್ರಕರಣ ಇಲ್ಲಿ ದಾರಿ ತೋರಿಸುತ್ತದೆ. ಅಂತರ್ಜಲ ಸಾರ್ವಜನಿಕರ ಸ್ವತ್ತು, ಸರ್ಕಾರ ಅದರ ಧರ್ಮದರ್ಶಿ ಮಾತ್ರ ಎಂದು 2003ರಲ್ಲಿ ಅಲ್ಲಿನ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. 2005ರಲ್ಲಿ ವಿಭಾಗೀಯ ಪೀಠ ಅದನ್ನು ಒಪ್ಪದೆ, ಶಾಸನ ತಡೆಯದಿದ್ದರೆ ಮಾಲೀಕ ತನ್ನ ನೆಲದ ನೀರು ತೆಗೆಯಬಹುದು ಎಂದಿತು. ನಮ್ಮಲ್ಲಿ ಶಾಸನವೇ ಇದೆ. ಆದ್ದರಿಂದ ‘ನೀರು ನನ್ನದು’ ಎಂಬ ವಾದ ಹಿಡಿದು ಹೋದವರಿಗೆ ನ್ಯಾಯಾಲಯದಲ್ಲಿ ಹೆಚ್ಚು ಸಿಗಲಾರದು. ಶಾಸನ ಹೇಳಿದಂತೆ ನಡೆದುಕೊಂಡಿದ್ದೀರಾ ಎಂದು ಅಧಿಕಾರಿಯನ್ನು ಕೇಳುವುದೇ ಬಲವಾದ ವಾದ. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎನ್ನುವ ಸಂವಿಧಾನದ 300ಎ ವಿಧಿ ನಿಲ್ಲುವುದೂ ಇಲ್ಲೇ. ಬೋರಿನ ಅನುಮತಿಗೆ ಹಾಕುವ ಅರ್ಜಿಯ ಜೊತೆ ಪಹಣಿ, ನಕಾಶೆ ಕೊಟ್ಟು ಸ್ವೀಕೃತಿ ಪಡೆಯಿರಿ. ‘ಆಗಲ್ಲ ಹೋಗಿ’ ಎಂಬ ಬಾಯಿಮಾತನ್ನು ಒಪ್ಪಬೇಡಿ. ಕಾರಣ ಬರೆದ ಹಿಂಬರಹ ಕೇಳಿ. ತಿರಸ್ಕರಿಸುವ ಮುಂಚೆ ನಿಮ್ಮ ಅಹವಾಲು ಕೇಳಲೇಬೇಕು. ಯಾವ ಅಳತೆಯ ಮೇಲೆ ತಿರಸ್ಕರಿಸಿದರು ಎಂಬ ಕಡತವನ್ನು ಮಾಹಿತಿ ಹಕ್ಕಿನಡಿ ಕೇಳಿದರೆ 30 ದಿನದೊಳಗೆ ಉತ್ತರ ಬರಬೇಕು. ಮೇಲ್ಮನವಿಗೂ, ಬೆಂಗಳೂರಿನ ಹೈಕೋರ್ಟಿನಲ್ಲಿ ರಿಟ್ ಹಾಕುವುದಕ್ಕೂ ಆ ಹಿಂಬರಹವೇ ಬುಡ. ಬರಗಾಲದಲ್ಲಿ ಊರಿನ ಕುಡಿಯುವ ನೀರಿಗೆ ನಿಮ್ಮ ಬೋರನ್ನು ಬಾಡಿಗೆಗೆ ಪಡೆದರೂ ಅಷ್ಟೇ: ದರ, ಅವಧಿ, ಕರೆಂಟಿನ ವ್ಯವಸ್ಥೆ ಎಲ್ಲವೂ ಕಾಗದದಲ್ಲಿರಲಿ.

ಹೊಲದ ಮೇಲೆ ಹರಿಯುವ ನೀರಿನ ಲೆಕ್ಕ ಬೇರೆ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಹಳ್ಳ, ನಾಲೆ, ಕೆರೆಗಳು, ಬೇರೆಯವರ ಹಕ್ಕು ಸಾಬೀತಾಗದ ಹೊರತು, ಸರ್ಕಾರದವು. ನಿಮ್ಮ ಪಹಣಿಯ ವಿಸ್ತೀರ್ಣದ ಕಾಲಂ ನೋಡಿ: ಅಲ್ಲಿ ಫೂಟ್ ಖರಾಬು ‘ಅ’ ಮತ್ತು ‘ಬ’ ಎಂದಿರುತ್ತದೆ. ಸಾಗುವಳಿಗೆ ಬಾರದ ‘ಅ’ ಖರಾಬು ನಿಮ್ಮ ಹಿಡುವಳಿಗೇ ಸೇರಿದ್ದು. ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ‘ಬ’ ಖರಾಬು ಸೇರಿದ್ದಲ್ಲ. ಹಳ್ಳ ಮುಚ್ಚಿ ತೋಟ ವಿಸ್ತರಿಸಿದವರಿಗೆ ನೋಟಿಸ್ ಬರುವುದು ಇದರಿಂದಲೇ. ನೋಟಿಸು ತಪ್ಪೆನಿಸಿದರೆ ಸರ್ವೆಗೆ ಅರ್ಜಿ ಹಾಕಿ, ಅಳತೆಯ ದಿನ ಹಾಜರಿದ್ದು, ಒಪ್ಪದ ಮಹಜರಿಗೆ ಆಕ್ಷೇಪಣೆ ಬರೆದುಕೊಡಿ.

ವಾಣಿ ವಿಲಾಸ ಸಾಗರ 1933ರ ನಂತರ 2022ರಲ್ಲಿ, ಮತ್ತೆ 2025ರಲ್ಲಿ ಕೋಡಿ ಬಿದ್ದಿದೆಯಲ್ಲ, ಬೋರಿಗೆ ಇನ್ನೇಕೆ ನಿರ್ಬಂಧ ಎನ್ನುವವರಿದ್ದಾರೆ. ಹಿರಿಯೂರಿನ ಕಣಿವೆಯಲ್ಲಿ ನಿಂತ ನೀರು ಹೊಳಲ್ಕೆರೆಯ ಬಂಡೆಯ ಬಿರುಕನ್ನು ತುಂಬದು. ಒಂದೆರಡು ವರ್ಷದ ಮಳೆ ದಶಕಗಳ ಸಾಲವನ್ನು ತೀರಿಸದು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಭದ್ರಾ ಮೇಲ್ದಂಡೆಯ ನೀರಿಗಾಗಿ ಕಾಯಿಸುತ್ತ, ಪಂಪ್‌ಸೆಟ್ಟಿಗೆ ಉಚಿತ ಕರೆಂಟು ಕೊಟ್ಟು, ಕೊನೆಗೆ ಕೊರೆಯಬೇಡ ಎನ್ನುವುದು ಯಾವ ನ್ಯಾಯ? ಇದು ನೀತಿಯ ತಪ್ಪು, ರೈತ ಕೇಳಲೇಬೇಕಾದ ಪ್ರಶ್ನೆ. ಆದರೆ ಅನುಮತಿಯ ಪದ್ಧತಿ ಸಡಿಲವಾದರೆ ಮೊದಲು ಬತ್ತುವುದು ಇನ್ನಷ್ಟು ಆಳಕ್ಕೆ ಹೋಗಲು ಹಣವಿಲ್ಲದ ಎರಡೆಕರೆಯವನ ಬೋರು. ನಿಯಮ ದೊಡ್ಡ ತೋಟಕ್ಕೂ ಕಾರ್ಖಾನೆಗೂ ಸಮನಾಗಿ ಬೀಳಲಿ ಎಂದು ಒತ್ತಾಯಿಸುವುದರಲ್ಲೇ ಸಣ್ಣ ಹಿಡುವಳಿದಾರನ ರಕ್ಷಣೆಯಿದೆ.

ಒಂದು ಹೊಣೆಗೆ ಮಾತ್ರ ಯಾವ ಸಬೂಬೂ ಇಲ್ಲ. ಕೊರೆಯುವ 15 ದಿನ ಮೊದಲು ಸಂಬಂಧಪಟ್ಟ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು, ಕೊರೆಯುವಲ್ಲಿ ಬೇಲಿ ಮತ್ತು ಫಲಕ ಹಾಕಬೇಕು, ಕೇಸಿಂಗ್ ಬಾಯಿಗೆ ಉಕ್ಕಿನ ತಟ್ಟೆ ಬಿಗಿಯಬೇಕು, ಫೇಲಾದ ಬೋರನ್ನು ತಳದಿಂದ ನೆಲಮಟ್ಟದವರೆಗೆ ತುಂಬಿಸಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ನಿರ್ದೇಶಿಸಿದೆ. ಮಕ್ಕಳ ಜೀವದ ಪ್ರಶ್ನೆ ಇದು. ಇನ್ನು ವಕೀಲರ ಖರ್ಚಿಗೆ ಹೆದರಿ ಯಾರೂ ಸುಮ್ಮನಿರಬೇಕಾಗಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಕಡಿಮೆ ಆದಾಯದವರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ನೆರವಿಗೆ ಅರ್ಹರು. ನೋಟಿಸ್ ಕೈಸೇರಿದ ದಿನವೇ ಅದನ್ನು ಹಿಡಿದು, ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ.