ರಸೀತಿಯ ಆಯುಸ್ಸು

ನಮ್ಮ ತಂದೆಯವರು 2013ರಲ್ಲಿ ತಮ್ಮ ಮನೆಯ ಮೇಲೆ ಎರಡು ಕೋಣೆಗಳನ್ನು ಕಟ್ಟಿಸಿದರು. ಬಣ್ಣ, ನಲ್ಲಿ, ವಿದ್ಯುತ್ತಿನ ತಂತಿ ಮುಂತಾದವಕ್ಕೆ ನಗದು ಹಣ ಕೊಟ್ಟು ಪಡೆದ ರಸೀತಿಗಳನ್ನೆಲ್ಲ ಮೃದುವಾದ ಪ್ಲಾಸ್ಟಿಕ್ ಲಕೋಟೆಗಳಲ್ಲಿ ತುಂಬಿ, ಕಬ್ಬಿಣದ ಬೀರುವಿನಲ್ಲಿ ಬಹು ಜೋಪಾನವಾಗಿ ಇಟ್ಟಿದ್ದರು. 2024ರ ಅಕ್ಟೋಬರಿನಲ್ಲಿ ಆ ಮನೆಯನ್ನು ಮಾರಿದಾಗ ತೆರಿಗೆಯ ಲೆಕ್ಕಕ್ಕೆಂದು ಅವರೊಡನೆ ಕುಳಿತು ಕಡತವನ್ನು ಬಿಚ್ಚಿದೆವು. ರಸೀತಿಗಳೆಲ್ಲವೂ ಇದ್ದುವು, ಅಕ್ಷರಗಳು ಮಾತ್ರ ಇರಲಿಲ್ಲ!

ಇದರಿಂದಾದ ನಷ್ಟವೇನೆಂಬುದನ್ನು ಮೊದಲು ನೋಡೋಣ. ಮನೆಯನ್ನು ಮಾರಿ ಲಾಭ ಬಂದರೆ ಅದಕ್ಕೆ ಆದಾಯ ತೆರಿಗೆಯುಂಟು. ಆದರೆ ಮಾರಿದ ಬೆಲೆಯೆಲ್ಲವೂ ಲಾಭವಲ್ಲ. ಮನೆಯನ್ನು ಕೊಂಡಾಗ ಕೊಟ್ಟ ಹಣವನ್ನೂ, ಅನಂತರ ಅದನ್ನು ವಿಸ್ತರಿಸಲು ತಗಲಿದ ವೆಚ್ಚವನ್ನೂ ಅದರಿಂದ ಕಳೆಯಬಹುದು. ವೆಚ್ಚ ಮಾಡಿದ್ದೇವೆಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಪುರಾವೆ ಬೇಕು. 2024ರ ಜುಲೈ 23ರಿಂದ ಇಂತಹ ದೀರ್ಘಾವಧಿ ಲಾಭದ ಮೇಲಿನ ದರ ಶೇಕಡ 12.5. (ಅದಕ್ಕೆ ಮುಂಚೆ ಕೊಂಡ ಮನೆಗಳಿಗೆ ಹಳೆಯ ರೀತಿಯ ಲೆಕ್ಕವನ್ನು ಆರಿಸಿಕೊಳ್ಳಲು ಅವಕಾಶವಿದೆ.) ಆ ದರದಲ್ಲಿ ಒಂದು ಲಕ್ಷ ರೂಪಾಯಿಯ ವೆಚ್ಚಕ್ಕೆ ಪುರಾವೆ ತಪ್ಪಿದರೆ 12,500 ರೂಪಾಯಿ ಹೆಚ್ಚು ತೆರಬೇಕಾಗುತ್ತದೆ. ಅಂದರೆ, ಈ ಚೀಟಿಗಳು ಹತ್ತು, ಇಪ್ಪತ್ತು ವರ್ಷಗಳಾದರೂ ಬದುಕಬೇಕು.

ಅವೇಕೆ ಬದುಕಲಿಲ್ಲ? ಅಂಗಡಿಯ ಯಂತ್ರ ಕೊಡುವ ನುಣುಪಾದ ರಸೀತಿಯಲ್ಲಿ ಮಸಿಯೇ ಇರುವುದಿಲ್ಲ. ಆ ಕಾಗದದ ಒಂದು ಮೈಗೆ ತೆಳುವಾದ ಲೇಪನವಿರುತ್ತದೆ. ಲೇಪನದಲ್ಲಿ ಬಣ್ಣವಿಲ್ಲದ ಒಂದು ವರ್ಣದ್ರವ್ಯವೂ ದುರ್ಬಲವಾದ ಒಂದು ಆಮ್ಲವೂ ಘನರೂಪದಲ್ಲಿ, ಒಂದನ್ನೊಂದು ಕೂಡದೆ, ಅಕ್ಕಪಕ್ಕದಲ್ಲಿರುತ್ತವೆ. ಯಂತ್ರದೊಳಗೆ ಸಾಲಾಗಿ ಜೋಡಿಸಿದ ಅತಿ ಸಣ್ಣ ಕಾವುಬಿಂದುಗಳಿವೆ. ಕಾವು ತಗಲಿದ ಎಡೆಯಲ್ಲಿ ಲೇಪನ ಕರಗಿ, ಆಮ್ಲವು ವರ್ಣದ್ರವ್ಯವನ್ನು ಸೇರುತ್ತದೆ. ಆಗ ವರ್ಣದ್ರವ್ಯದ ಅಣುವಿನಲ್ಲಿ ಮುಚ್ಚಿಕೊಂಡಿದ್ದ ಒಂದು ಉಂಗುರ ತೆರೆದುಕೊಳ್ಳುತ್ತದೆ. ಹಾಗೆ ತೆರೆದ ಅಣು ಕಣ್ಣಿಗೆ ಕಾಣುವ ಬೆಳಕನ್ನು ಹೀರಿ ಕಪ್ಪಾಗಿ ತೋರುತ್ತದೆ. ಬಸ್ಸಿನ ಯಂತ್ರದ ಟಿಕೆಟ್ಟನ್ನು ಉಗುರಿನಿಂದ ರಭಸವಾಗಿ ಗೀರಿ ನೋಡಿರಿ. ಘರ್ಷಣೆಯ ಕಾವಿನಿಂದಲೇ ಅಲ್ಲೊಂದು ಕಪ್ಪು ಗೆರೆ ಮೂಡುವುದು.

ಕೂಡಿದ ಈ ಜೋಡಿ ಮತ್ತೆ ಅಗಲಬಲ್ಲುದು, ತೊಡಕೆಲ್ಲ ಇಲ್ಲಿಯೇ. ಕೈಯ ಎಣ್ಣೆಯ ಜಿಡ್ಡು ಸಾಕು, ಬಿಸಿಲೂ ಸಾಕು, ಅಗಲಿಸಲು. ಎಲ್ಲಕ್ಕಿಂತ ಕಪಟಿಯಾದುದು ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕು. ಸ್ವಭಾವತಃ ಗಡುಸಾದ ಈ ವಸ್ತುವನ್ನು ಬಾಗುವಂತೆ ಮಾಡಲು ಎಣ್ಣೆಯಂತಹ ದ್ರವಗಳನ್ನು ಬೆರೆಸಿರುತ್ತಾರೆ. ಆ ದ್ರವ ಮೆಲ್ಲಮೆಲ್ಲನೆ ಹೊರಬಿದ್ದು ರಸೀತಿಯ ಲೇಪನಕ್ಕೆ ಇಳಿಯುತ್ತದೆ. ಆಮ್ಲ ಒಂದು ಕಡೆ, ವರ್ಣದ್ರವ್ಯ ಒಂದು ಕಡೆಯಾಗಿ ಅಕ್ಷರ ಅಳಿಯುತ್ತದೆ. ತಂದೆಯವರು ಜೋಪಾನವೆಂದು ತಿಳಿದು ಮಾಡಿದುದೇ ರಸೀತಿಗಳಿಗೆ ಮುಳುವಾಯಿತು. ಇದನ್ನು ಅವರಿಗೆ ಹೇಳಲು ನಮಗೆ ಸಂಕೋಚವಾಯಿತು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಇಂತಹ ಒಂದು ರಸೀತಿಯನ್ನು ಮೂರು ತುಂಡು ಮಾಡಿ, ಒಂದನ್ನು ಪುಸ್ತಕದ ಹಾಳೆಗಳ ನಡುವೆ, ಒಂದನ್ನು ಮೃದುವಾದ ಪ್ಲಾಸ್ಟಿಕ್ ಲಕೋಟೆಯಲ್ಲಿ, ಇನ್ನೊಂದನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟು, ವಾರಕ್ಕೊಮ್ಮೆ ನೋಡಿ ಬರೆದಿಡಿರಿ.

ಕಡತವೆಂಬ ಮಾತಿಗೆ ಹಿಂದೆ ಬೇರೆಯ ಅರ್ಥವಿದ್ದಿತು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿಯನ್ನು ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. 1810ರಲ್ಲಿ ಮೊದಲ ಸಂಪುಟ ಹೊರಬಂದ ಮಾರ್ಕ್ ವಿಲ್ಕ್ಸನ ದಕ್ಷಿಣ ಭಾರತದ ಇತಿಹಾಸದಲ್ಲಿ ಇದರ ವರ್ಣನೆಯಿದೆ. ಬಳಪ ಕಲ್ಲಿನ ಪುಡಿ. ಒದ್ದೆ ಬಟ್ಟೆಯಿಂದ ಒರಸಿದರೆ ಹೋದೀತೇ ಹೊರತು ತಾನಾಗಿ ಮಾಸದು.

ಹಾಗಾದರೆ ಮಾಡಬೇಕಾದುದೇನು? ರಸೀತಿ ಕೈಗೆ ಬಂದ ವಾರದಲ್ಲಿಯೇ ಅದರ ಜೆರಾಕ್ಸ್ ಪ್ರತಿಯನ್ನು ತೆಗೆಸಿರಿ. ಅದರ ಕಪ್ಪು ಇಂಗಾಲದ ಪುಡಿ. ಅಂಟಿನೊಡನೆ ಕರಗಿ ಕಾಗದವನ್ನು ಹಿಡಿದುಕೊಂಡಿರುವುದರಿಂದ ಬಣ್ಣಗೆಡದು. ಈ ಪ್ರತಿಯನ್ನೂ ಪಿ.ವಿ.ಸಿ. ಲಕೋಟೆಯಲ್ಲಿಡಬಾರದು, ಅದೇ ದ್ರವ ಈ ಅಂಟನ್ನು ಮೆದುಗೊಳಿಸಿ, ಅಕ್ಷರಗಳು ಕಾಗದವನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಹತ್ತಿಕೊಂಡಾವು. ಕಾಗದದ ಲಕೋಟೆ ಸಾಕು. ಮೂಲವನ್ನೂ ಜೊತೆಗೆ ಇಟ್ಟಿರಿ.

ಚಿತ್ರ ತೆಗೆದು ಪೆನ್ ಡ್ರೈವಿನಲ್ಲಿಟ್ಟರೆ ಆಗದೆ ಎಂದು ಕೇಳುವಿರಿ. ಆದೀತು, ಆದರೆ ಅದಕ್ಕೂ ಆಯುಸ್ಸುಂಟು. ಅದರೊಳಗೆ ಅಕ್ಷರವೆಂದರೆ ನಿರೋಧಕದ ಗೋಡೆಗಳ ನಡುವೆ ಸೆರೆಹಿಡಿದಿಟ್ಟ ಎಲೆಕ್ಟ್ರಾನುಗಳು. ವರ್ಷಗಳು ಕಳೆದಂತೆ ಅವು ಒಂದೊಂದಾಗಿ ನುಸುಳಿಹೋಗುತ್ತವೆ. ಶಾಖ ಹೆಚ್ಚಿದಷ್ಟೂ ಬೇಗ. ಆದುದರಿಂದ ಕೆಲವು ವರ್ಷಗಳಿಗೊಮ್ಮೆ ಹೊಸದಕ್ಕೆ ನಕಲು ಮಾಡುತ್ತಿರಬೇಕು. ಪ್ರತಿಗಳು ಎಷ್ಟಿವೆ ಎಂಬುದಕ್ಕಿಂತ ಎಲ್ಲಿವೆ ಎಂಬುದು ಮುಖ್ಯ. ಒಂದು ಪ್ರತಿ ನಾಶವಾಗುವ ಸಂಭವ ಇಪ್ಪತ್ತರಲ್ಲಿ ಒಂದೆಂದು ಊಹಿಸೋಣ. ಎರಡು ಪ್ರತಿಗಳು ಎರಡು ಊರುಗಳಲ್ಲಿದ್ದರೆ ಎರಡೂ ನಾಶವಾಗುವ ಸಂಭವ ನಾನೂರರಲ್ಲಿ ಒಂದು. ಎರಡೂ ಒಂದೇ ಬೀರುವಿನಲ್ಲಿದ್ದರೆ ಈ ಗುಣಾಕಾರ ಸಲ್ಲದು. ಒಂದಕ್ಕೆ ತಗಲಿದ ಬೆಂಕಿ ಇನ್ನೊಂದನ್ನು ಬಿಡುವುದಿಲ್ಲ. ನಮ್ಮ ಮನೆಯ ಕಂದಾಯದ ರಸೀತಿಗಳ ಒಂದು ಕಟ್ಟು ಈಗ ಬೇರೆ ಊರಿನಲ್ಲಿರುವ ತಂಗಿಯ ಮನೆಯಲ್ಲಿದೆ.

ಅಂದು ಬಿಚ್ಚಿದ ಕಡತದಲ್ಲಿ ಓದಲು ಬಂದ ಚೀಟಿ ಒಂದೇ. ಗಾರೆ ಮೇಸ್ತ್ರಿಯವರು ತಮ್ಮ ಕೂಲಿಯ ಲೆಕ್ಕವನ್ನು ನೋಟುಪುಸ್ತಕದ ಹಾಳೆಯಲ್ಲಿ ಬಾಲ್ ಪೆನ್ನಿನಿಂದ ಬರೆದು, ರುಜು ಹಾಕಿ ಕೊಟ್ಟುದು ಅದು.